ಕಂಡಕ್ಟರ್ ದೇವೀರಪ್ಪನ ನೆಗೆಟಿವ್ ಡಬ್ಬ

ಆಲೂರಿನಲ್ಲಿ ಮೂವತ್ತಾರು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ನನ್ನಂಥ ದಡ್ಡ ಈ ತಾಲ್ಲೂಕಿನಲ್ಲೇ ಇನ್ನೊಬ್ಬನಿಲ್ಲ. ಬೇರೆಯವರು ಹೇಳುವ ಮುಂಚೆ ನಾನೇ ಹೇಳಿಕೊಂಡರೆ ಅಷ್ಟಿಷ್ಟು ಮರ್ಯಾದೆ ಉಳಿಯುತ್ತದಲ್ಲ, ಅದಕ್ಕೆ ಹೇಳುತ್ತಿದ್ದೇನೆ. ನನ್ನ ಹೆಸರು ರಾಜೇಶ್. ಸ್ಟುಡಿಯೋ ಆಲೂರಿನಲ್ಲಿದ್ದರೂ ಮನೆ ಮಗ್ಗೆಯಲ್ಲಿ. ನಮ್ಮ ಮನೆಯಿಂದ ಆರನೇ ಮನೆ ದೇವೀರಪ್ಪನದು. ಅವನ ಫಿಲ್ಮ್ ರೋಲುಗಳನ್ನು ಮೊದಲು ನಮ್ಮಪ್ಪ, ಅಪ್ಪನ ನಂತರ ನಾನು, ಒಟ್ಟು ಇಪ್ಪತ್ತು ವರ್ಷ ತೊಳೆದುಕೊಟ್ಟೆವು. ಅದರಲ್ಲಿ ಏನಿದೆ ಎಂದು ಒಂದು ದಿನವೂ ನೋಡಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮಗಂತೂ ಅದು ಗಿಡವೆಂದೂ ಕಾಣಲಿಲ್ಲ.

ದೇವೀರಣ್ಣ ಖಾಸಗಿ ಬಸ್ಸಿನ ಕಂಡಕ್ಟರಾಗಿದ್ದವನು. ಬೆಳಿಗ್ಗೆ ಆಲೂರಿನಿಂದ ಮಗ್ಗೆಗೊಂದು ಟ್ರಿಪ್, ಮಧ್ಯಾಹ್ನ ಕೆ. ಹೊಸಕೋಟೆಗೊಂದು, ಸಂತೆ ದಿನ ಕುಂದೂರಿನ ಕಡೆಗೂ ಒಂದು. ಮಾತು ಕಮ್ಮಿ, ಸೀಟಿ ಜಾಸ್ತಿ. 1976ರಲ್ಲಿ ಅವನ ಮದುವೆಯಾದಾಗ ಮಾವನ ಮನೆಯವರು ವಾಚು ಕೊಡುತ್ತೇವೆ ಎಂದರಂತೆ. ಈ ಮಹಾನುಭಾವ, ವಾಚು ಬೇಡ, ಕ್ಯಾಮೆರಾ ಕೊಡಿ ಎಂದನಂತೆ. ಅವನ ಹೆಂಡತಿ ಜಗದಾಂಬತ್ತಿಗೆ ಈಗಲೂ ಅದನ್ನು ಎತ್ತಿ ಆಡುತ್ತಾಳೆ: "ಟೈಮಿಗೆ ಸರಿಯಾಗಿ ಮನೆಗ್ ಬರ್ದೇ ಇರೋನಿಗೆ ವಾಚ್ ಯಾಕೆ ಬೇಕು ಹೇಳು!"

ಕೊಟ್ಟದ್ದು ಒಂದು ಡಬ್ಬ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಫೋಟೋ, ಅಂಗೈಯ ಅರ್ಧದಷ್ಟು ದೊಡ್ಡ ಚೌಕ ನೆಗೆಟಿವ್. ಅದನ್ನು ಅವನು ಕಂಡಕ್ಟರಿನ ಚರ್ಮದ ಚೀಲದಲ್ಲಿ ಟಿಕೆಟ್ ಕಟ್ಟುಗಳ ಕೆಳಗೆ ಇಟ್ಟುಕೊಂಡೇ ಓಡಾಡಿದ. ಜನ ಹತ್ತುವ ಇಳಿಯುವ ಗಲಾಟೆಯಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತು ಸೊಂಟದ ಹತ್ತಿರವೇ ಕ್ಯಾಮೆರಾ ಇಣುಕಿಸಿ ಒತ್ತಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಏನಪ್ಪ ತೆಗೀತೀಯ ಎಂದು ಕೇಳಿದವರಿಗೆ "ಹೂವು, ಮೋಡ" ಎನ್ನುತ್ತಿದ್ದ. ಹಸಿ ಸುಳ್ಳು.

ಎರಡು ತಿಂಗಳಿಗೊಮ್ಮೆ ಸ್ಟುಡಿಯೋಗೆ ಬಂದು ರೋಲು ಇಟ್ಟು, "ತೊಳ್ದು ಕೊಡಿ, ಸಾಕು. ಪ್ರಿಂಟ್ ಬ್ಯಾಡ" ಎನ್ನುತ್ತಿದ್ದ. ನಮ್ಮಪ್ಪ ಅವನಿಗೆ 'ತೊಳೆಯೋ ಗಿರಾಕಿ' ಎಂದೇ ಹೆಸರಿಟ್ಟಿದ್ದರು. ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ ಒಣಗಿಸಿ, ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದೆವು. ನೆಗೆಟಿವ್‌ನಲ್ಲಿ ಕೂದಲು ಬೆಳ್ಳಗೆ, ಮುಖ ಕಪ್ಪಗೆ, ಎಲ್ಲರೂ ದೆವ್ವಗಳೇ. ಅದನ್ನು ನಿಗಾ ಕೊಟ್ಟು ಓದಿದರೆ ಮಾತ್ರ ಮನುಷ್ಯರು ಕಾಣುತ್ತಾರೆ. ನನ್ನ ಕಣ್ಣೋ, ಮದುವೆ ಹೆಣ್ಣಿನ ಮೂಗುತಿ ಸರಿಯಾಗಿ ಬಂದಿದೆಯಾ ಎಂದು ನೋಡುವುದಷ್ಟನ್ನೇ ಕಲಿತಿತ್ತು. ಆಮೇಲೆ ಆ ಜಾತಿಯ ರೋಲು ಅಂಗಡಿಗೆ ಬರುವುದು ನಿಂತಿತು. ದೇವೀರಣ್ಣನೂ ಬರುವುದನ್ನು ನಿಲ್ಲಿಸಿದ.

2019ರ ಡಿಸೆಂಬರಿನಲ್ಲಿ ಸೂರ್ಯಗ್ರಹಣವಾಯಿತಲ್ಲ, ಅವತ್ತು ಬೆಳಿಗ್ಗೆ ನಾನು ಸ್ಟುಡಿಯೋ ತೆರೆಯದೆ ಊರಲ್ಲೇ ಇದ್ದೆ. ಮಗ್ಗೆಯಲ್ಲಿ ಒಂದು ಒಲೆಯೂ ಉರಿಯುತ್ತಿರಲಿಲ್ಲ. ಒಂದು ಮನೆಯ ಮುಂದೆ ನೀರಿನ ತಟ್ಟೆಯಲ್ಲಿ ಒನಕೆ ನಿಲ್ಲಿಸಿ ಅದು ಬೀಳದೆ ನಿಂತಿದ್ದನ್ನು ನೋಡಿ ಕೈ ಮುಗಿಯುತ್ತಿದ್ದರು, ಇನ್ನೊಂದು ಮನೆಯ ಮುಂದೆ ಸಗಣಿ ನೀರಿನಲ್ಲಿ ಸೂರ್ಯನ ನೆರಳು ನೋಡುತ್ತಿದ್ದರು. ಜಗದಾಂಬತ್ತಿಗೆ ಮಾತ್ರ ಜಗಲಿಯ ಮೇಲೆ ಒಂದು ಬಿಸ್ಕತ್ ಡಬ್ಬ ಇಟ್ಟುಕೊಂಡು, ಕತ್ತರಿಯಿಂದ ಫಿಲ್ಮ್ ತುಂಡು ಮಾಡಿ, ಬಂದವರಿಗೆಲ್ಲ ಪ್ರಸಾದದ ಹಾಗೆ ಹಂಚುತ್ತಿದ್ದಳು.

"ಬರಿಗಣ್ಣಲ್ಲಿ ನೋಡ್ಬ್ಯಾಡ್ರೋ! ಒಂದೊಂದು ತಗೊಳ್ರಿ. ಲೋ ರಾಜೇಶ, ನೀನೂ ತಗೋ."

ನನಗೂ ಎರಡು ಚೌಕದ ಒಂದು ತುಂಡು ಸಿಕ್ಕಿತು. ಒಂದರ ಮೇಲೆ ಹೆಬ್ಬೆರಳಿಟ್ಟು ಹಿಡಿದು, ಇನ್ನೊಂದರಲ್ಲಿ ಸೂರ್ಯನನ್ನು ನೋಡಲು ಎತ್ತಿದೆ. ಸೂರ್ಯ ಅಲ್ಲೇ ಇದ್ದಿರಬೇಕು. ನಾನು ನೋಡಿದ್ದು ಬಸ್ಸಿನ ಕಿಟಕಿ ಪಕ್ಕ ಕೂತ ಒಬ್ಬಳು ಹೆಂಗಸನ್ನು. ಮಡಿಲಲ್ಲಿ ಚೀಲ, ಚೀಲದ ಬಾಯಿಯಿಂದ ಹೊರಗೆ ಬಂದ ಒಂದು ಕೋಳಿಯ ತಲೆ. ಕಂಡಕ್ಟರಿಗೆ ಗೊತ್ತಾಗಬಾರದೆಂದು ಅವಳು ಕೋಳಿಯ ಕೊಕ್ಕು ಮುಚ್ಚಿ ಹಿಡಿದುಕೊಂಡು, ತಾನು ಮಾತ್ರ ಏನೂ ಅರಿಯದವಳಂತೆ ಆಕಾಶ ನೋಡುತ್ತಿದ್ದಾಳೆ. ಮೂವತ್ತು ವರ್ಷದಲ್ಲಿ ಅಂಥದ್ದೊಂದು ಫೋಟೋ ನಾನು ತೆಗೆದಿಲ್ಲ.

ಅಷ್ಟರಲ್ಲಿ ಸ್ಕೂಲಿನ ವಾಣಿ ಟೀಚರ್ ಓಡಿಬಂದರು. "ನೆಗೆಟಿವಲ್ಲೂ ನೋಡ್ಬಾರ್ದು ಕಣ್ರೀ, ಕಣ್ಣು ಸುಟ್ಟೋಗುತ್ತೆ! ರಾಜೇಶಣ್ಣ, ತಿಳಿದವರಾಗಿ ನೀವೇ ಹಿಂಗೆ ಮಾಡಿದ್ರೆ?" ನಾನು ಕಳ್ಳನ ಹಾಗೆ ಅದನ್ನು ಜೇಬಿಗೆ ತುರುಕಿಕೊಂಡು ಜಗಲಿ ಹತ್ತಿದೆ.

"ಅತ್ತಿಗೆ, ಇವೆಲ್ಲ ಯಾರು ತೆಗ್ದಿದ್ದು?"

"ಇನ್ಯಾರು, ನಿಮ್ಮಣ್ಣ. ಇನ್ನೂ ಮೂರು ಡಬ್ಬ ಅವೆ. ಸುಮ್ನೆ ಜಾಗಕ್ ದಂಡ. ಇವತ್ತೊಂದಿನ ಉಪ್ಯೋಗಕ್ಕೆ ಬಂತು ನೋಡು."

ಡಬ್ಬದೊಳಗೆ ಕೈ ಹಾಕಿದೆ. ತಳದಲ್ಲಿ ಹುರಿದ ಅಕ್ಕಿ. ನಮ್ಮ ಕಡೆಯ ಥಂಡಿಗೆ ಉಪ್ಪು ನೀರಾಗದಿರಲಿ ಎಂದು ಹಾಕುತ್ತೇವಲ್ಲ, ಹಾಗೆ. ಅದಕ್ಕೇ ಒಂದಕ್ಕೂ ಬೂಷ್ಟು ಹಿಡಿದಿಲ್ಲ. ಜಗಲಿಯ ಬೆಳಕಿಗೆ ಹಿಡಿದು ಒಂದೊಂದೇ ನೋಡುತ್ತಾ ಹೋದೆ. ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಒಂದೇ ಬೀಡಿಗೆ ಮೂವರು ಬಗ್ಗಿದ ಆಳುಗಳು. ನಿದ್ದೆ ಹೋದ ಮುದುಕನ ಹೆಗಲ ಮೇಲೆ ನಿದ್ದೆ ಹೋದ ಯಾರದೋ ಮಗು. ಹೊಸ ಚಪ್ಪಲಿ ಕೊಳೆಯಾಗದಿರಲಿ ಎಂದು ತಲೆಯ ಮೇಲೆ ಇಟ್ಟುಕೊಂಡು ಕೆಸರು ದಾಟುವ ಹುಡುಗಿ. ಅಯ್ಯೋ ದೇವರೇ, ಇವನ್ನೆಲ್ಲ ಅಪ್ಪ, ನಾನು ಕೈಯಾರೆ ತೊಳೆದಿದ್ದೆವಲ್ಲ! ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ದೇವೀರಣ್ಣ ಒಳಗಿದ್ದ. ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಬಿಸಿಲಿಗೆ ಬರಬಾರದೆಂದು ಡಾಕ್ಟರು ಹೇಳಿದ್ದರಿಂದ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಕೂತಿದ್ದ. ನಾನು ಡಬ್ಬ ಹಿಡಿದುಕೊಂಡು ಒಳಗೆ ಹೋಗಿ ಹೊಗಳುವುದಕ್ಕೆ ಬಾಯಿ ತೆರೆದೆ. ಅವನು ಎದ್ದು ನಿಂತುಬಿಟ್ಟ.

"ಯಾವ ಕಟ್ಟು ಹಂಚಿದ್ಲು?"

"ಮೇಲ್ಗಡೆ ಇದ್ದಿದ್ದು ಕಣಣ್ಣ. ಹಳೇದು."

"ಹಾಳಾಗೋಯ್ತು! ಅದ್ರಲ್ಲಿ ಜವರಂದು ಐತೆ ಕಣೋ. ಈರಕ್ಕನ ಮಗಂದು. ಅವಳ ಕಣ್ಣಿಗೆ ಬಿದ್ರೆ ನನ್ ಗತಿ ಏನೋ?"

ಅಷ್ಟು ವರ್ಷ ಪ್ರಿಂಟ್ ಬೇಡ ಎಂದದ್ದು ಯಾಕೆ ಎಂಬುದು ಅವತ್ತು ತಿಳಿಯಿತು. 1981ರಲ್ಲಿ ಅವನು ಒಂದೇ ಒಂದು ಫೋಟೋ ಪ್ರಿಂಟ್ ಹಾಕಿಸಿದ್ದ. ಅದು ಜವರಪ್ಪನದು. ಅದೇ ಬೀದಿಯ ಕೊನೆಮನೆ ಈರಮ್ಮನ ಒಬ್ಬನೇ ಮಗ, ಇಪ್ಪತ್ತೆರಡು ವರ್ಷದವನು. ಬಸ್ಸಿನ ಟಾಪ್ ಮೇಲೆ ಬಾಳೆಗೊನೆಗಳ ಮಧ್ಯೆ ಕೂತು ನಗುತ್ತಿದ್ದ ಅವನನ್ನು ಕೆಳಗಿನಿಂದ ತೆಗೆದದ್ದು. ಫೋಟೋ ಕೊಟ್ಟು ಎಂಟು ದಿನವಾಗಿರಲಿಲ್ಲ, ಜವರ ಕಾಫಿ ತೋಟದಲ್ಲಿ ನೆರಳು ಮರದ ಕೊಂಬೆ ಕಡಿಯಲು ಹತ್ತಿದವನು ಮೇಲಿನಿಂದ ಬಿದ್ದು ಸತ್ತ. ಫೋಟೋ ತೆಗೆದರೆ ಆಯಸ್ಸು ಕಮ್ಮಿಯಾಗುತ್ತದೆ ಎಂದು ಆಗ ನಂಬುತ್ತಿದ್ದವರು ಬೇಕಾದಷ್ಟಿದ್ದರು. ತಿಥಿಯ ದಿನ ಊರವರೆಲ್ಲರ ಎದುರಿಗೆ ಈರಮ್ಮ ಆ ಫೋಟೋ ಹರಿದು ದೇವೀರಣ್ಣನ ಮುಖಕ್ಕೆ ಎಸೆದು, "ನನ್ ಮಗನ ಆಯಸ್ಸನ್ನ ನಿನ್ ಡಬ್ಬದೊಳಕ್ಕೆ ಹಾಕ್ಕೊಂಡ್‌ಬುಟ್ಯಲ್ಲೋ" ಎಂದು ಕೂಗಿದಳಂತೆ. ಅಲ್ಲಿಂದಾಚೆಗೆ ಅವಳು ಅವನ ಬಸ್ಸು ಹತ್ತಲಿಲ್ಲ. ಎರಡು ಗಂಟೆ ಕಾದು ಮುಂದಿನ ಬಸ್ಸಿಗೆ ಹೋಗುತ್ತಿದ್ದಳು.

"ಸುಳ್ಳು ಅಂತ ಗೊತ್ತು ಕಣೋ" ಎಂದ ದೇವೀರಣ್ಣ. "ಆದ್ರೂ ಮನ್ಸು ಕೇಳಲ್ಲ. ತೊಳ್ಸಿದ್ರೆ ಏನೂ ಆಗಲ್ಲ, ಕಾಗ್ದಕ್ಕೆ ಇಳಿಸಿದ್ರೆ ಆಯ್ತದೆ ಅಂತ ನನಗ್ ನಾನೇ ಒಂದು ರೂಲ್ಸ್ ಮಾಡ್ಕೊಂಡೆ. ತೆಗಿಯೋದ್ ಮಾತ್ರ ಬಿಡಕ್ಕೆ ಆಗ್ಲಿಲ್ಲ." ನನ್ನ ಕೈಯಲ್ಲಿದ್ದ ಡಬ್ಬ ತೆಗೆದುಕೊಂಡ. "ಎಂಬತ್ತು ದಾಟಿದ ಮುದ್ಕಿ. ಮತ್ತೆ ಆ ಗಾಯ ಕೆರೆದಂಗೆ ಆಯ್ತದೆ. ಹೋಗಿ ಇಸ್ಕೊಂಡು ಬಾರೋ ಮಾರಾಯ, ನಿನ್ ದಮ್ಮಯ್ಯ."

ಗ್ರಹಣ ಬಿಟ್ಟಿತ್ತು. ಎಲ್ಲರೂ ಮನೆ ತೊಳೆದು ಸ್ನಾನಕ್ಕೆ ನೀರು ಕಾಯಿಸುತ್ತಿದ್ದರು. ಮೊದಲ ಮನೆಯಲ್ಲಿ ಮಂಜುಶ್ರೀ ಬಾಗಿಲು ತೊಳೆಯುತ್ತಿದ್ದಳು.

"ಫಿಲ್ಮಾ? ಅಯ್ಯೋ, ಈಗ್ತಾನೆ ಈರಜ್ಜಿ ಬಂದು ಇಸ್ಕೊಂಡು ಹೋಯ್ತಲ್ಲಣ್ಣ."

ಮುಂದಿನ ಮನೆಗೆ ಹೋದರೆ ಅಲ್ಲೂ ಅದೇ. ಅದರ ಮುಂದಿನ ಮನೆಯಲ್ಲೂ ಅದೇ. ಕೋಲೂರಿಕೊಂಡು, ಬಾಗಿಲು ಬಾಗಿಲಿಗೆ ನಿಂತು, ಹಂಚಿದ್ದ ಒಂದೊಂದು ತುಂಡನ್ನೂ ಅಜ್ಜಿ ಕೇಳಿ ತೆಗೆದುಕೊಂಡು ಹೋಗಿದ್ದಾಳೆ. ಅವಳ ಮಗಳ ಕಡೆಯ ಮರಿಮಗಳು ಪೂಜಿತಾ ಒಂದು ತುಂಡು ತೆಗೆದುಕೊಂಡು ಹೋಗಿ "ದೇವೀರಜ್ಜ ತೆಗ್ದಿರೋ ಹಳೇ ಫೋಟೋ ಅಂತೆ" ಎಂದಳಂತೆ. ಅಜ್ಜಿ ಕೂತಲ್ಲಿಂದ ಎದ್ದು ಹೊರಟಳಂತೆ. ಯಾಕೆ ಎಂದು ಯಾರಿಗೂ ಹೇಳಿಲ್ಲ.

ನನಗಂತೂ ಯಾಕೆಂದು ಅನುಮಾನವೇ ಇರಲಿಲ್ಲ. ಒಂದು ಸಲ ಹರಿದವಳು ಈ ಸಲ ಸುಡುತ್ತಾಳೆ. ಬೀದಿಯ ಕೊನೆಗೆ ಬಂದರೆ ಈರಜ್ಜಿಯ ಮನೆಯ ಹಿಂದಿನಿಂದ ಹೊಗೆ ಏಳುತ್ತಿತ್ತು. ಚಪ್ಪಲಿ ಕಾಲಿನಿಂದ ಜಾರಿದರೂ ನಿಲ್ಲದೆ ಓಡಿದೆ. ಹಿತ್ತಲಲ್ಲಿ ಬಚ್ಚಲೊಲೆ ಧಗಧಗ ಉರಿಯುತ್ತಿತ್ತು. ಅದರ ಪಕ್ಕದ ಕಲ್ಲಿನ ಮೇಲೆ ಈರಜ್ಜಿ ಕೂತಿದ್ದಳು. ಮಡಿಲ ತುಂಬ ನೆಗೆಟಿವ್.

"ಅಜ್ಜಿ, ತಡಿ! ಹಾಕ್ಬ್ಯಾಡ ಅಜ್ಜಿ!"

"ಏನ್ ಹಾಕ್ಬ್ಯಾಡ? ಎಲ್ಲಿಗೆ ಹಾಕ್ಬ್ಯಾಡ? ಬೆಂಕಿ ಬಿದ್ದಂಗೆ ಯಾಕೋ ಕಿರುಚ್ಕೊಂಡ್ ಬತ್ತೀಯ?" ಅಜ್ಜಿಯ ಬಾಯಿ ಗೊತ್ತಲ್ಲ. ಬೈಯುತ್ತಲೇ ಒಂದು ತುಂಡನ್ನು ಆಕಾಶಕ್ಕೆ ಎತ್ತಿ ಹಿಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು, ಕೆಳಗಿಟ್ಟಳು. ಇನ್ನೊಂದು ಎತ್ತಿದಳು. "ಎಲ್ರೂ ಪಿಶಾಚಿ ತರ ಕಾಣ್ತಾವ್ರೆ. ಒಳ್ಳೇ ಟೈಮಿಗ್ ಬಂದೆ ಕುತ್ಕೊ. ನೀನು ಓದ್ದೋನಲ್ವಾ ಇದನ್ನ? ನನ್ ಜವರ ಯಾವ್ನು ಹೇಳೋ."

ನಾನು ಒಲೆಗೂ ಅವಳಿಗೂ ಮಧ್ಯೆ ಹೋಗಿ ನಿಂತೆ.

"ಇದ್ದಿದ್ದೊಂದು ಪೋಟನ ನನ್ ಕೈಯಾರೆ ಹರಿದೆ" ಎಂದಳು ಅಜ್ಜಿ. "ಮಾರನೇ ದಿನ ಬೆಳಿಗ್ಗೆ ತುಂಡು ಆರ್ಸಕ್ಕೆ ಹೋದೆ. ಗುಡ್ಸಿ ಎಸೆದ್‌ಬುಟ್ಟಿದ್ರು. ಈಗ ಕಣ್ ಮುಚ್ಚಿದ್ರೆ ನನ್ ಮಗನ ಮುಖನೇ ಬರಲ್ಲ ಕಣೋ. ಅಂಗಿ ಬತ್ತದೆ, ನಡ್ಗೆ ಬತ್ತದೆ, ಮುಖ ಬರಲ್ಲ."

"ದೇವೀರಣ್ಣನ ಕೇಳ್ಬಹುದಾಗಿತ್ತಲ್ಲ ಅಜ್ಜಿ."

"ಯಾವ ಮುಖ ಇಟ್ಕೊಂಡು ಕೇಳ್ಲಿ? ಊರ್ ಮುಂದೆ ಉಗಿದೋಳು ನಾನು. ಅವನ ಬಸ್ಸು ಬಂದಾಗೆಲ್ಲ ಇವತ್ತು ಕೇಳಾಣ ಅಂತ ನಿಂತ್ಕತಿದ್ದೆ. ನಾಚ್ಕೆಗೆ ಬೆನ್ನು ತಿರುಗುಸ್‌ಬುಡ್ತಿದ್ದೆ."

ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಒಂದೇ ಬೀದಿಯಲ್ಲಿ ಸುಮಾರು ನಲವತ್ತು ವರ್ಷ ಕಳೆದಿದ್ದಾರೆ! ಬೈಯೋಣ ಅನ್ನಿಸಿತು. ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಅವಳ ಕಾಲ ಬಳಿ ಕೂತು ಒಂದೊಂದೇ ಓದಿದೆ. ಬಾಳೆಗೊನೆ ಎಲ್ಲೂ ಇಲ್ಲ. ಜವರ ಇಲ್ಲ. ಒಂದರಲ್ಲಿ ಮಾತ್ರ ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಬೆನ್ನು ತಿರುಗಿಸಿ ನಿಂತ ಒಬ್ಬ ಹೆಂಗಸು ಇದ್ದಳು. ಸೆರಗು ಬಿಗಿಯಾಗಿ ಹೊದ್ದಿದ್ದಾಳೆ. ಅದು ಯಾರ ಬೆನ್ನು ಎಂದು ನಾನು ಹೇಳಲಿಲ್ಲ. ಕೊನೆಯ ತುಂಡನ್ನೂ ನೋಡಿ ಕೆಳಗಿಟ್ಟೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ವೇನೋ?"

"ಇಲ್ಲ ಅಜ್ಜಿ."

ಅವಳು ಒಲೆಯ ಕಡೆ ನೋಡಿದಳು. ಆಮೇಲೆ ಕೋಲಿನಿಂದ ನನ್ನ ಎದೆ ಮುಟ್ಟಿದಳು.

"ಜೇಬಲ್ಲಿ ಇಣುಕ್ತಾ ಇರೋದೇನು ಮತ್ತೆ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅದು ನನಗೇ ಹೇಳಿದ ಗಾದೆ. ಜೇಬಿನಿಂದ ತೆಗೆದೆ. ಒಂದು ಚೌಕದಲ್ಲಿ ಕೋಳಿ ಹೆಂಗಸು. ನನ್ನ ಹೆಬ್ಬೆರಳು ಮುಚ್ಚಿದ್ದ ಇನ್ನೊಂದು ಚೌಕದಲ್ಲಿ ಬಸ್ಸಿನ ಟಾಪು, ಬಾಳೆಗೊನೆ, ಮಧ್ಯದಲ್ಲಿ ಬಾಯಿ ತೆರೆದು ನಗುತ್ತಿರುವ ಒಬ್ಬ ಹುಡುಗ.

"ಮುಂದಿನ ಹಲ್ಲು ಅರ್ಧ ಮುರ್ದೈತಾ ನೋಡು" ಎಂದಳು ಅಜ್ಜಿ. ಅವಳ ದನಿ ಎಷ್ಟು ಸಣ್ಣಗಾಗಿತ್ತೆಂದರೆ ನನಗೆ ಅರೆಬರೆ ಕೇಳಿಸಿತು.

"ಮುರ್ದೈತೆ ಅಜ್ಜಿ."

ನನ್ನ ಫೋನಿನಲ್ಲಿ ಆ ಚೌಕದ ಫೋಟೋ ತೆಗೆದೆ. ಕಪ್ಪನ್ನು ಬಿಳಿ ಮಾಡಿ ಬಿಳಿಯನ್ನು ಕಪ್ಪು ಮಾಡುವುದು ಈಗ ಬೆರಳು ಮುಟ್ಟಿಸುವಷ್ಟು ಕೆಲಸ. ಮುಟ್ಟಿಸಿದೆ. ದೆವ್ವ ಹೋಗಿ ಜವರ ಬಂದ. ಫೋನನ್ನು ಅಜ್ಜಿಯ ಎರಡೂ ಕೈಯಲ್ಲಿ ಇಟ್ಟೆ. ಅವಳು ಬಹಳ ಹೊತ್ತು ನೋಡಿದಳು. ಪರದೆ ಆರಿದಾಗಲೆಲ್ಲ "ಹಚ್ಚೋ, ಹಚ್ಚೋ" ಎಂದಳು, ನಾನು ಹಚ್ಚಿಕೊಟ್ಟೆ.

"ಎಷ್ಟು ಎಳೇದೋ ಇದು" ಎಂದಳು ಕೊನೆಗೆ. "ನಾನು ದೊಡ್ಡೋನು ಅನ್ಕೊಂಡಿದ್ದೆ." ಆಮೇಲೆ ಅತ್ತಳು. ಅದು ದುಃಖದ ಅಳುವಲ್ಲ. ಹೊತ್ತ ಹೊರೆ ಇಳಿಸಿದ ಮೇಲೆ ಬರುತ್ತದಲ್ಲ, ಅಂಥದ್ದು.

ಅಲ್ಲಿಂದ ನೇರ ದೇವೀರಣ್ಣನ ಮನೆಗೆ ಹೊರಟೆವು. ನೆಗೆಟಿವ್‌ಗಳನ್ನೆಲ್ಲ ಅಜ್ಜಿ ಮಡಿಲಲ್ಲೇ ಕಟ್ಟಿಕೊಂಡು ಬಂದಳು, ನನ್ನ ಕೈಗೆ ಕೊಡಲಿಲ್ಲ. ಹೊಸಿಲ ಹತ್ತಿರ ಅವಳ ಕೋಲಿನ ಸದ್ದು ಕೇಳಿ ದೇವೀರಣ್ಣ ಎದ್ದು ಗೋಡೆಗೆ ಒರಗಿ ನಿಂತ. ಕಪ್ಪು ಕನ್ನಡಕದ ಹಿಂದೆ ಅವನ ಕಣ್ಣು ಕಾಣಿಸುತ್ತಿರಲಿಲ್ಲ.

"ಈರಕ್ಕ, ತಪ್ಪಾಯ್ತು. ಅದನ್ನ ಆವತ್ತೇ ಸುಡ್ಬೇಕಾಗಿತ್ತು. ಮನಸ್ಸು ಬರ್ಲಿಲ್ಲ."

"ಸುಟ್ಟಿದ್ರೆ ಇವತ್ತು ನಿನ್ನ ಸುಟ್ಟಾಕ್ತಿದ್ದೆ" ಎಂದಳು ಅಜ್ಜಿ. ಮಡಿಲು ಬಿಚ್ಚಿ ಎಲ್ಲವನ್ನೂ ಡಬ್ಬಕ್ಕೆ ಸುರಿದಳು. "ಅವತ್ತು ಅಂದಿದ್ದು ನನ್ ಹೊಟ್ಟೆಉರಿ ಕಣಪ್ಪ ದೇವೀರ. ನೀನಲ್ಲ ಕೊಂದಿದ್ದು. ಕೊಂಬೆ. ಅವನ್ ಹಣೆಬರ. ಮುಖ ಉಳ್ಸಿದೋನು ನೀನು."

ದೇವೀರಣ್ಣ ಕೆಳಗೆ ಕೂತ. ಜಗದಾಂಬತ್ತಿಗೆ ಅಡಿಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ, "ನಾನ್ ಹಂಚಿದ್ದಕ್ಕೆ ಇಷ್ಟೆಲ್ಲ ಆಯ್ತು. ಬೈಯಕ್ ಬಂದ್ರಲ್ಲ ಎಲ್ರೂ" ಎಂದಳು. ನಾನು, ಹಾಗಾದರೆ ಇದನ್ನು ಕಾಗದಕ್ಕೆ ಇಳಿಸಲಾ ಎಂದು ಕೇಳಿದೆ. ದೇವೀರಣ್ಣ ಅಜ್ಜಿಯ ಕಡೆ ತಿರುಗಿದ. ಆ ಹಳೆಯ ಹೆದರಿಕೆ ಅವನನ್ನು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಅದು ಅಜ್ಜಿಗೂ ಗೊತ್ತಾಗಿರಬೇಕು.

"ಲೋ ಸ್ಟುಡಿಯೋ, ನಿನ್ ಕ್ಯಾಮೆರಾ ಅವನ್ ಕೈಗೆ ಕೊಡು" ಎಂದಳು. "ದೇವೀರ, ನಂದೊಂದು ತೆಗಿ. ಬೆನ್ನಲ್ಲ, ಮುಖ ತೆಗಿ. ನಂಗೆ ಎಂಬತ್ತೆರಡು. ಆಯಸ್ಸು ಕಮ್ಮಿಯಾದ್ರೆ ಎಷ್ಟ್ ಕಮ್ಮಿ ಆಯ್ತದೆ ನೋಡೇಬುಡಾಣ."

ಕನ್ನಡಕ ತೆಗೆಯಬೇಡ ಎಂದರೂ ಕೇಳದೆ ದೇವೀರಣ್ಣ ಕನ್ನಡಕ ಹಣೆಗೇರಿಸಿಕೊಂಡು, ಕೈಯಲ್ಲಿ ನನ್ನ ಫೋನು ಹಿಡಿದು, ಅಭ್ಯಾಸ ಬಲದಿಂದ ಅದನ್ನು ಸೊಂಟದ ಹತ್ತಿರಕ್ಕೆ ತಂದು ಒತ್ತಿದ.

ಮುಂದಿನ ಬೇಸಿಗೆಯಿಂದ ನಾನು ಭಾನುವಾರಗಳಲ್ಲಿ ಕೂತು ನಾಲ್ಕು ಡಬ್ಬಗಳನ್ನೂ ಸ್ಕ್ಯಾನ್ ಮಾಡಿದೆ. ವಾಣಿ ಟೀಚರ್ ಸ್ಕೂಲಿನ ಹಾಲ್ ಕೊಡಿಸಿದರು. ಅರವತ್ತು ಫೋಟೋ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆವು. ಕೇಳದೆ ತೆಗೆದದ್ದಕ್ಕೆ ಜನ ಜಗಳಕ್ಕೆ ಬರುತ್ತಾರೆ ಎಂದು ದೇವೀರಣ್ಣ ಬಾಗಿಲ ಹಿಂದೆ ನಿಂತಿದ್ದ. ಜಗಳಕ್ಕೆ ಬಂದದ್ದು ನಿಜ. "ನಮ್ಮಪ್ಪ ದಿನಾ ನಿನ್ ಬಸ್ಸಲ್ಲೇ ಬತ್ತಿದ್ನಲ್ಲ, ಅವಂದು ಯಾಕ್ ತೆಗ್ದಿಲ್ಲ?" ಎಂದು ಐದಾರು ಜನ ಅವನನ್ನು ಹಿಡಿದುಕೊಂಡರು. ಕೋಳಿಯ ಹೆಂಗಸು ಕುಂದೂರಿನ ಕಡೆಯ ಬಸಮ್ಮ. ಅವಳಂತೂ ಫೋಟೋದ ಮುಂದೆ ನಿಂತು ತಲೆ ಚಚ್ಚಿಕೊಂಡಳು: "ಥೂ ನಿನ್ನ! ಕೋಳಿಗೆ ಟಿಕೆಟ್ ಇಲ್ದೆ ಬಂದೆ ಅಂತ ಇಷ್ಟ್ ವರ್ಷ ಮೆರೀತಿದ್ನಲ್ಲೋ. ನೋಡೂ ಸುಮ್ನಿದ್ಯಾ?" ಹಾಸನದ ಕಾಲೇಜಿನವರೂ ಬಂದು ಹೋದರು. ದೊಡ್ಡ ದೊಡ್ಡ ಮಾತಾಡಿದರು. ದೇವೀರಣ್ಣ ಎಲ್ಲದಕ್ಕೂ "ಹ್ಞೂ, ಹ್ಞೂ" ಎಂದ.

ಜವರಪ್ಪನ ಫೋಟೋ ಮಾತ್ರ ಅಲ್ಲಿ ತೂಗುಬಿಡಲಿಲ್ಲ. ಅದು ಈರಜ್ಜಿಯ ಮನೆಯಲ್ಲಿದೆ. ಪಕ್ಕದಲ್ಲೇ, ಅವತ್ತು ದೇವೀರಣ್ಣ ತೆಗೆದ ಅವಳದೇ ಫೋಟೋ, ಒಂದು ಕಿವಿ ಫ್ರೇಮಿನಿಂದಾಚೆ ಉಳಿದುಹೋಗಿರುವುದು. ಪ್ರತಿವರ್ಷ ಡಿಸೆಂಬರಿನಲ್ಲಿ ಅಜ್ಜಿ ಕೋಲೂರಿಕೊಂಡು ಬೀದಿಯ ಈ ತುದಿಯವರೆಗೆ ಬರುತ್ತಾಳೆ, ದೇವೀರಣ್ಣನ ಜಗಲಿಯ ಮುಂದೆ ನಿಲ್ಲುತ್ತಾಳೆ, ಒಳಗಿರುವವನಿಗೆ ಕೇಳುವಂತೆ ಕೂಗುತ್ತಾಳೆ. ಹೋದ ತಿಂಗಳೂ ಬಂದಿದ್ದಳು. ಈಗ ಅವಳಿಗೆ ಎಂಬತ್ತೆಂಟು.

"ದೇವೀರಾ! ಇನ್ನೂ ಕಮ್ಮಿಯಾಗಿಲ್ಲ ಕಣೋ!"